ಎರಡು ಸಿಮ್‌ನ 4ಜಿ ರೂಟರ್ ಮತ್ತು ಚಾವಣಿಯ ಆಂಟೆನಾ: ವ್ಯಾನ್ ವಾಸದಲ್ಲಿ ದೀರ್ಘ ಬಳಕೆಯ ನಂತರ

ವಾಹನದಲ್ಲೇ ವಾಸವಿದ್ದು ಅಲ್ಲಿಂದಲೇ ಕೆಲಸ ಮಾಡುವವರಿಗೆ ಇಂಟರ್ನೆಟ್ ಎಂಬುದು ಇಂಧನದಷ್ಟೇ ಖಾಯಂ ಖರ್ಚು. ನಾನು ಕೆಲವು ವರ್ಷಗಳಿಂದ ಬಳಸುತ್ತಿರುವ ವ್ಯವಸ್ಥೆಯಲ್ಲಿ ಇರುವುದು ಮೂರೇ ವಸ್ತುಗಳು: 12 ವೋಲ್ಟ್ ಬ್ಯಾಟರಿಯಿಂದ ನೇರವಾಗಿ ನಡೆಯುವ, ಎರಡು ಸಿಮ್ ಹಾಕಬಹುದಾದ 4ಜಿ ರೂಟರ್, ವ್ಯಾನಿನ ಚಾವಣಿಯ ಮೇಲೆ ಕೂರಿಸಿದ ಆಂಟೆನಾ, ಮತ್ತು ಬೇರೆ ಬೇರೆ ಕಂಪನಿಗಳ ಎರಡು ಸಾಮಾನ್ಯ ಪ್ರಿಪೇಯ್ಡ್ ಸಿಮ್‌ಗಳು. ತಂಗುವ ಜಾಗವನ್ನು ಸ್ವಲ್ಪಮಟ್ಟಿಗಾದರೂ ತಾವೇ ಆರಿಸಿಕೊಳ್ಳಬಲ್ಲವರಿಗೆ ಕಡಿಮೆ ಖರ್ಚಿನಲ್ಲಿ ಇದಕ್ಕಿಂತ ನೆಚ್ಚಿಕೊಳ್ಳಬಹುದಾದ ದಾರಿ ನನಗೆ ಕಂಡಿಲ್ಲ. ಕೊಳ್ಳುವಾಗ ಎಲ್ಲರ ಗಮನವೂ ರೂಟರಿನ ಮೇಲೆಯೇ ಇರುತ್ತದೆ, ಆದರೆ ಹಾಕಿದ ಹಣಕ್ಕೆ ಹೆಚ್ಚು ಪ್ರತಿಫಲ ಕೊಟ್ಟಿರುವುದು ಆಂಟೆನಾ.

ಇದಕ್ಕೆ ಕಾರಣ ಸರಳವಾಗಿದೆ. ವ್ಯಾನಿನ ಒಡಲು ಲೋಹದ್ದಾದ್ದರಿಂದ ರೇಡಿಯೋ ಅಲೆಗಳು ಒಳಗೆ ಬರಬೇಕಾದರೆ ಕಿಟಕಿಗಳ ಮೂಲಕವೇ ಬರಬೇಕು, ಗಾಜಿಗೆ ಲೋಹಾಂಶದ ಫಿಲ್ಮ್ ಅಂಟಿಸಿದ್ದರೆ ಆ ದಾರಿಯೂ ಅರ್ಧ ಮುಚ್ಚಿದಂತೆಯೇ. ಟವರ್ ದೂರವಿರುವ ಒಂದು ತಂಗುದಾಣದಲ್ಲಿ ರೂಟರಿನ ಪುಟ ತೆರೆದು ನೋಡಿದಾಗ, ಒಳಗಿನ ಪುಟ್ಟ ಆಂಟೆನಾಗಳಿಗೆ ಸಿಗುತ್ತಿದ್ದ ಸಿಗ್ನಲ್, ಅಂದರೆ ಆರ್‌ಎಸ್‌ಆರ್‌ಪಿ, ಮೈನಸ್ 113 ಡಿಬಿಎಂ ಇತ್ತು (ಈ ಅಂಕಿ ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಬಲ ಹೆಚ್ಚು). ಅದೇ ರೂಟರಿಗೆ ಚಾವಣಿಯ ಕೇಬಲ್‌ಗಳನ್ನು ಜೋಡಿಸಿದಾಗ ಅದು ಮೈನಸ್ 101ಕ್ಕೆ ಬಂದಿತು. ಹನ್ನೆರಡು ಡೆಸಿಬಲ್ ವ್ಯತ್ಯಾಸವೆಂದರೆ ಸಿಗ್ನಲ್‌ನ ಶಕ್ತಿ ಸುಮಾರು ಹದಿನಾರು ಪಟ್ಟು ಹೆಚ್ಚಿದಂತೆ, ಏಕೆಂದರೆ ಈ ಅಳತೆಯಲ್ಲಿ ಪ್ರತಿ ಮೂರು ಡೆಸಿಬಲ್‌ಗೆ ಶಕ್ತಿ ಇಮ್ಮಡಿಯಾಗುತ್ತದೆ. ಅದಕ್ಕೂ ಮೊದಲು ಧ್ವನಿ ತುಂಡಾಗುತ್ತಿದ್ದ ವಿಡಿಯೋ ಸಭೆ ಆಮೇಲೆ ಕೊನೆಯವರೆಗೂ ಸರಾಗವಾಗಿ ನಡೆಯಿತು. ಫೋನಿನ ಮೇಲ್ತುದಿಯಲ್ಲಿ ಕಾಣುವ ಗೀಟುಗಳನ್ನು ನಂಬಿ ಜಾಗ ಆರಿಸಬಾರದು, ಅವು ಒಂದೊಂದು ಫೋನಿನಲ್ಲಿ ಒಂದೊಂದು ಲೆಕ್ಕ ಹೇಳುತ್ತವೆ. ಆರ್‌ಎಸ್‌ಆರ್‌ಪಿ ಜೊತೆಗೆ ಎಸ್‌ಐಎನ್‌ಆರ್ ಎಂಬ ಇನ್ನೊಂದು ಅಂಕಿಯನ್ನೂ ನೋಡಬೇಕು. ಸಿಗ್ನಲ್ ಎಷ್ಟೇ ಬಲವಾಗಿದ್ದರೂ, ಸುತ್ತಲಿನ ಗದ್ದಲಕ್ಕಿಂತ ಅದು ಎಷ್ಟು ಮೇಲಿದೆ ಎಂಬುದೇ ವೇಗವನ್ನು ನಿರ್ಧರಿಸುತ್ತದೆ. ಆ ಅಂಕಿ ಸೊನ್ನೆಯ ಆಸುಪಾಸಿನಲ್ಲಿದ್ದರೆ ಆ ಜಾಗದಲ್ಲಿ ಕೆಲಸದ ಮಾತೇ ಬೇಡ, ಹತ್ತು ದಾಟಿದರೆ ನೆಮ್ಮದಿ.

ಆಂಟೆನಾ ಕೊಳ್ಳುವವರು ಅದರ ಗೇನ್, ಅಂದರೆ ಸಿಗ್ನಲ್ ಹಿಡಿಯುವ ಬಲ, ಎಷ್ಟೆಂದು ಕೇಳುವ ಮೊದಲು ಕೇಬಲ್‌ನ ಉದ್ದ ಕೇಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ. 2 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ತೆಳು ಕೇಬಲ್ ಪ್ರತಿ ಮೀಟರಿಗೆ ಅರ್ಧ ಡೆಸಿಬಲ್‌ಗಿಂತ ಹೆಚ್ಚು ಸಿಗ್ನಲ್ಲನ್ನು ನುಂಗುತ್ತದೆ. ಹೀಗಾಗಿ ಐದಾರು ಮೀಟರ್ ಕೇಬಲ್ ಎಳೆದರೆ, ಚಾವಣಿಯ ಮೇಲೆ ಹಿಡಿದದ್ದರಲ್ಲಿ ಅರ್ಧದಷ್ಟು ರೂಟರ್ ಮುಟ್ಟುವ ಮೊದಲೇ ಕರಗಿಹೋಗುತ್ತದೆ. ನನ್ನ ವ್ಯಾನಿನಲ್ಲಿ ರೂಟರನ್ನು ಆಂಟೆನಾದ ನೇರ ಕೆಳಗಿನ ಕಪಾಟಿನಲ್ಲಿ ಇರಿಸಿರುವುದರಿಂದ ಕೇಬಲ್ ಎರಡು ಮೀಟರನ್ನೂ ಮುಟ್ಟಿಲ್ಲ. ರೂಟರಿನೊಳಗೆ ಟವರ್ ಜೊತೆ ಸಂಪರ್ಕ ಸಾಧಿಸುವ ಭಾಗವಾದ 4ಜಿ ಮೋಡೆಮ್ ಏಕಕಾಲಕ್ಕೆ ಎರಡು ಧಾರೆಗಳಲ್ಲಿ ದತ್ತಾಂಶ ಪಡೆಯುವ ಮೈಮೋ ವಿಧಾನವನ್ನು ಬಳಸುತ್ತದೆ, ಆದ್ದರಿಂದ ಒಂದೇ ಕವಚದೊಳಗೆ ಎರಡು ಆಂಟೆನಾಗಳಿದ್ದು ಎರಡು ಕೇಬಲ್ ಹೊರಬರುವ ಮಾದರಿಯನ್ನೇ ತೆಗೆದುಕೊಳ್ಳಬೇಕು. ಒಂದೇ ಕೇಬಲ್ ಇರುವ ಅಗ್ಗದ ಆಂಟೆನಾದಿಂದ ಅಷ್ಟೇನೂ ಉಳಿತಾಯವಾಗದು. ಕಂಬಕ್ಕೆ ಕಟ್ಟಿ ಟವರ್ ಕಡೆ ತಿರುಗಿಸಬೇಕಾದ ದಿಕ್ಕಿನ ಆಂಟೆನಾ ದೂರದ ಸಿಗ್ನಲ್ಲನ್ನು ಇನ್ನೂ ಚೆನ್ನಾಗಿ ಎಳೆಯುತ್ತದೆ, ಆದರೆ ಪದೇ ಪದೇ ಜಾಗ ಬದಲಿಸುವವರಿಗೆ ಎಲ್ಲ ದಿಕ್ಕಿನಿಂದಲೂ ಹಿಡಿಯುವ ಆಂಟೆನಾವೇ ಸಲೀಸು.

ದೀರ್ಘ ಬಳಕೆಯಲ್ಲಿ ಹೊರಬಂದ ದೋಷ ಒಂದಿದೆ. ರೂಟರಿನ ಹಿಂಬದಿಯಲ್ಲಿ ಕೇಬಲ್ ಸಿಕ್ಕಿಸುವ ಎಸ್‌ಎಂಎ ಕನೆಕ್ಟರುಗಳು ಬೆರಳಿನಿಂದ ತಿರುಗಿಸಿ ಬಿಗಿಮಾಡುವಂಥವು. ಕೆಟ್ಟ ರಸ್ತೆಯಲ್ಲಿ ದಿನಗಟ್ಟಲೆ ಓಡಿದ ಮೇಲೆ ಅಲುಗಾಟಕ್ಕೆ ಅವು ತಾವಾಗಿಯೇ ಸಡಿಲಾಗುತ್ತವೆ. ಹಾಗಾದಾಗ ಸಂಪರ್ಕ ಪೂರ್ತಿ ಕಡಿಯುವುದಿಲ್ಲ, ವೇಗ ಮಾತ್ರ ಕಾರಣವಿಲ್ಲದೆ ಅರ್ಧಕ್ಕೆ ಇಳಿದಂತೆ ಕಾಣುತ್ತದೆ, ಬೈಗುಳ ಮೊಬೈಲ್ ಕಂಪನಿಗೆ ಹೋಗುತ್ತದೆ. ನನ್ನ ರೂಟರ್ ಎರಡೂ ಆಂಟೆನಾಗಳ ಸಿಗ್ನಲ್ಲನ್ನು ಪ್ರತ್ಯೇಕವಾಗಿ ತೋರಿಸುವುದರಿಂದ, ಒಂದು ಇನ್ನೊಂದಕ್ಕಿಂತ ಹತ್ತು ಡೆಸಿಬಲ್‌ಗೂ ಹೆಚ್ಚು ಕೆಳಗಿದ್ದರೆ ಮೊದಲು ಕಪಾಟು ತೆರೆದು ತಿರುಪು ನೋಡುತ್ತೇನೆ. ಇಂಥ ಉಪಕರಣವನ್ನು ವಾಹನಕ್ಕೆಂದೇ ಮಾರುವ ತಯಾರಕರು ಕಳಚದಂತೆ ಹಿಡಿಯುವ ಕನೆಕ್ಟರ್ ಕೊಡಬೇಕಿತ್ತು.

ಬೆಲೆಗೆ ತಕ್ಕ ಗುಣವೆಂದು ನಾನು ಮೆಚ್ಚುವುದು ಬ್ಯಾಂಡ್, ಅಂದರೆ ಸಿಗ್ನಲ್ ಬರುವ ಆವರ್ತನದ ಪಟ್ಟಿ, ಆರಿಸಿಕೊಳ್ಳುವ ಸೌಲಭ್ಯವನ್ನು. 700ರಿಂದ 900 ಮೆಗಾಹರ್ಟ್ಸ್‌ವರೆಗಿನ ಅಲೆಗಳು ದೂರ ಸಾಗುತ್ತವೆ, ಗೋಡೆ ಮರಗಳನ್ನು ತಕ್ಕಮಟ್ಟಿಗೆ ದಾಟುತ್ತವೆ, ಆದರೆ ಅಲ್ಲಿ ಕಂಪನಿಗಳಿಗೆ ಸಿಕ್ಕಿರುವ ಆವರ್ತನದ ಪಟ್ಟಿ ಸಾಮಾನ್ಯವಾಗಿ ಕಿರಿದು. 1800 ಮತ್ತು ಅದಕ್ಕಿಂತ ಮೇಲಿನ ಬ್ಯಾಂಡುಗಳು ಬೇಗ ಕುಂದುತ್ತವೆ, ಆದರೆ ಹೆಚ್ಚು ಜನರನ್ನು ಹೊರುವ ಸಾಮರ್ಥ್ಯ ಅವಕ್ಕಿದೆ. ತನ್ನ ಪಾಡಿಗೆ ಬಿಟ್ಟ ಮೋಡೆಮ್ ಬಹಳ ಸಲ ಬಲವಾಗಿ ಕಾಣುವ ಕೆಳಗಿನ ಬ್ಯಾಂಡಿಗೇ ಅಂಟಿಕೊಳ್ಳುತ್ತದೆ, ಸಂಜೆಯ ಹೊತ್ತು ಸುತ್ತಲಿನವರೆಲ್ಲ ವಿಡಿಯೋ ನೋಡಲು ಕುಳಿತಾಗ ಅಲ್ಲಿ ಒಂದು ಪುಟ ತೆರೆಯುವುದೂ ಕಷ್ಟವಾಗುತ್ತದೆ. ಆಗ ರೂಟರನ್ನು 1800ಕ್ಕೆ ಕಟ್ಟಿಹಾಕಿದರೆ ಸಿಗ್ನಲ್ ಹತ್ತು ಡೆಸಿಬಲ್ ಕಡಿಮೆ ತೋರಿಸಿದರೂ ವೇಗ ಹಲವು ಪಟ್ಟು ಏರಿದ್ದನ್ನು ಮತ್ತೆ ಮತ್ತೆ ಕಂಡಿದ್ದೇನೆ. ದುಬಾರಿ ಪ್ಲಾನ್‌ಗೆ ಬದಲಾಗುವ ಮೊದಲು ಇದನ್ನೊಮ್ಮೆ ಮಾಡಿ ನೋಡುವುದು ಒಳ್ಳೆಯದು.

ಎರಡು ಸಿಮ್ ಇದ್ದರೂ ಮೋಡೆಮ್ ಒಂದೇ ಆಗಿರುವುದರಿಂದ ಒಂದು ಹೊತ್ತಿಗೆ ಒಂದೇ ಸಿಮ್ ಕೆಲಸ ಮಾಡುತ್ತದೆ. ಒಂದರಿಂದ ಇನ್ನೊಂದಕ್ಕೆ ಬದಲಾಗುವಷ್ಟರಲ್ಲಿ ನಡೆಯುತ್ತಿರುವ ಕರೆ ಕಡಿದುಹೋಗುತ್ತದೆ. ಇದು ಜಾಹೀರಾತಿನಲ್ಲಿ ಸ್ಪಷ್ಟವಾಗುವುದಿಲ್ಲ. ಫೋನಿನ ಪ್ಲಾನ್‌ನ ಸಿಮ್ಮನ್ನು ರೂಟರಿನಲ್ಲಿ ಹಾಕಲು ಕೆಲವು ಕಂಪನಿಗಳು ಒಪ್ಪುವುದಿಲ್ಲ, ಇನ್ನು ಕೆಲವು ಹಾಟ್‌ಸ್ಪಾಟ್ ಬಳಕೆಗೆ ಬೇರೆಯೇ ಮಿತಿ ಇಡುತ್ತವೆ. ಅನಿಯಮಿತ ಎಂದು ಮಾರುವ ಪ್ಲಾನ್‌ಗಳಲ್ಲೂ ಒಂದು ಹಂತದ ನಂತರ ವೇಗ ಕುಗ್ಗಿಸುವ ಷರತ್ತು ಸಣ್ಣ ಅಕ್ಷರಗಳಲ್ಲಿರುತ್ತದೆ, ಹಣ ಕಟ್ಟುವ ಮುನ್ನ ಓದಬೇಕಾದದ್ದು ಅದನ್ನೇ.

ದತ್ತಾಂಶ ಸೋರುವ ಜಾಗಗಳನ್ನು ಮುಚ್ಚದೆ ಯಾವ ಪ್ಲಾನೂ ಅಗ್ಗವಾಗದು. ಎಚ್‌ಡಿ ವಿಡಿಯೋ ಗಂಟೆಗೆ ಸುಮಾರು 3 ಜಿಬಿ ತಿನ್ನುತ್ತದೆ, ಸಾಮಾನ್ಯ ಗುಣಮಟ್ಟಕ್ಕೆ ಇಳಿಸಿದರೆ 1 ಜಿಬಿಯೊಳಗೆ ಮುಗಿಯುತ್ತದೆ, ವ್ಯಾನಿನ ಸಣ್ಣ ಪರದೆಯಲ್ಲಿ ಎರಡಕ್ಕೂ ಇರುವ ಅಂತರ ನಗಣ್ಯ. ಇದಕ್ಕಿಂತ ಕಳ್ಳದಾರಿಯಲ್ಲಿ ಹೋಗುವುದು ಲ್ಯಾಪ್‌ಟಾಪಿನ ಅಪ್‌ಡೇಟುಗಳು ಮತ್ತು ಫೋಟೋಗಳ ಬ್ಯಾಕಪ್. ಲ್ಯಾಪ್‌ಟಾಪಿನಲ್ಲಿ ಈ ವೈಫೈಯನ್ನು ಮಿತಿಯುಳ್ಳ ಸಂಪರ್ಕವೆಂದು ಗುರುತಿಸಿದರೆ ಅವುಗಳಲ್ಲಿ ಹೆಚ್ಚಿನವು ತಡೆಯಲ್ಪಡುತ್ತವೆ. ಗ್ರಂಥಾಲಯದ ಅಥವಾ ತಂಗುದಾಣದ ವೈಫೈ ಸಿಕ್ಕಾಗ ರೂಟರ್ ಅದನ್ನೇ ಹಿಡಿದು ಒಳಗಿನ ಎಲ್ಲ ಸಾಧನಗಳಿಗೂ ಹಂಚಬಲ್ಲದು, ದೊಡ್ಡ ಡೌನ್‌ಲೋಡುಗಳನ್ನು ಅಲ್ಲಿಯೇ ಮುಗಿಸಿಕೊಳ್ಳುತ್ತೇನೆ.

ವಿದ್ಯುತ್ತಿನ ವಿಷಯದಲ್ಲಿ ದೂರುವಂಥದ್ದೇನಿಲ್ಲ. ಸುಮಾರು 7 ವ್ಯಾಟ್‌ನಂತೆ ಹಗಲಿರುಳು ನಡೆದರೂ ದಿನಕ್ಕೆ 168 ವ್ಯಾಟ್‌ಗಂಟೆ, ಅಂದರೆ 12 ವೋಲ್ಟ್ ಬ್ಯಾಟರಿಯಿಂದ 14 ಆಂಪಿಯರ್‌ಗಂಟೆ ಹೋಗುತ್ತದೆ, ರಾತ್ರಿ ಆರಿಸಿದರೆ ಅದಕ್ಕಿಂತಲೂ ಕಡಿಮೆ. 9ರಿಂದ 30 ವೋಲ್ಟ್‌ವರೆಗೆ ತಡೆದುಕೊಳ್ಳುವ ಮಾದರಿಯಾದ್ದರಿಂದ ಇಂಜಿನ್ ಸ್ಟಾರ್ಟ್ ಆಗುವಾಗ ವೋಲ್ಟೇಜ್ ಕುಸಿದರೂ ಆಫ್ ಆಗುವುದಿಲ್ಲ, ಇನ್ವರ್ಟರಿನ ನಷ್ಟವೂ ಇಲ್ಲ. ಒಳಗೆ ಬ್ಯಾಟರಿ ಇಲ್ಲದಿರುವುದೂ ನನಗೆ ಸಮಾಧಾನದ ಸಂಗತಿ, ಏಕೆಂದರೆ ಬಿಸಿಲಿನಲ್ಲಿ ನಿಂತ ವಾಹನದ ಕಾವಿಗೆ ಜೇಬಿನ ಹಾಟ್‌ಸ್ಪಾಟುಗಳ ಬ್ಯಾಟರಿ ಊದಿಕೊಳ್ಳುವ ಅಪಾಯವಿದೆ.

ಟವರ್ ಸಿಗ್ನಲ್ ಮುಟ್ಟದ ಕಣಿವೆಯಲ್ಲಿ ಈ ವ್ಯವಸ್ಥೆಯಿಂದ ಯಾವ ಉಪಯೋಗವೂ ಇಲ್ಲ, ಅಲ್ಲಿ ಉಪಗ್ರಹವೇ ಗತಿ. ಸುಮಾರು 550 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಸ್ಟಾರ್‌ಲಿಂಕ್ ಉಪಗ್ರಹಗಳ ಮೂಲಕ ವಿಡಿಯೋ ಕರೆ ಸುಲಭವಾಗಿ ನಡೆಯುತ್ತದೆ, 35,786 ಕಿಲೋಮೀಟರ್ ಎತ್ತರದ ಭೂಸ್ಥಿರ ಉಪಗ್ರಹಗಳಲ್ಲಿ ಇರುವಂತೆ ಅರ್ಧ ಸೆಕೆಂಡಿಗೂ ಮೀರಿದ ವಿಳಂಬ ಇರುವುದಿಲ್ಲ. ಆದರೆ ಅದಕ್ಕೆ ತೆರೆದ ಆಕಾಶ ಬೇಕು, ದಟ್ಟ ಮರಗಳ ನೆರಳಿನಲ್ಲಿ ಸಂಪರ್ಕ ತಡವರಿಸುತ್ತದೆ. ಅದರ ಸಣ್ಣ ಮಾದರಿಯೂ ನನ್ನ ರೂಟರಿಗಿಂತ ಹಲವು ಪಟ್ಟು ವಿದ್ಯುತ್ ಬೇಡುತ್ತದೆ, ಮತ್ತು ಎಲ್ಲ ದೇಶಗಳಲ್ಲೂ ಅದಕ್ಕೆ ಪರವಾನಗಿ ಇಲ್ಲ. ವರ್ಷದ ಬಹುಪಾಲು ನಿರ್ಜನ ಪ್ರದೇಶದಲ್ಲೇ ಕಳೆಯುವವರು ಆ ಖರ್ಚಿಗೆ ಸಿದ್ಧರಾಗುವುದು ನ್ಯಾಯ, ಉಳಿದವರು ಮೊದಲು ಚಾವಣಿಗೆ ಆಂಟೆನಾ ಕೂರಿಸಿ ನೋಡಲಿ.

5ಜಿ ಮಾದರಿಗೆ ಬದಲಾಗಬೇಕೇ ಎಂದು ಸಹಪ್ರಯಾಣಿಕರು ಕೇಳುತ್ತಿರುತ್ತಾರೆ. 5ಜಿಗೆ ನಿಜವಾದ ವೇಗ ಕೊಡುವ 3.5 ಗಿಗಾಹರ್ಟ್ಸ್ ಆಸುಪಾಸಿನ ತರಂಗಗಳು ದೂರ ಸಾಗುವುದಿಲ್ಲ, ಅದರ ಮೋಡೆಮ್ ಹೆಚ್ಚು ಬಿಸಿಯಾಗುತ್ತದೆ, ಪೂರ್ಣ ಲಾಭಕ್ಕೆ ಎರಡರ ಬದಲು ನಾಲ್ಕು ಕೇಬಲ್‌ಗಳ ಆಂಟೆನಾ ಬೇಕಾಗುತ್ತದೆ. ನಾನು ತಂಗುವ ಜಾಗಗಳಲ್ಲಿ ಸಿಗುವುದು ಬಹುತೇಕ 4ಜಿ ಮಾತ್ರ. ಹೊಸದಾಗಿ ಕೊಳ್ಳುವವರು ಒಂದೇ ಬ್ಯಾಂಡ್ ಹಿಡಿಯುವ ಕ್ಯಾಟ್ 4 ದರ್ಜೆಯ ಮೋಡೆಮ್ ಬಿಟ್ಟು, ಎರಡು ಬ್ಯಾಂಡುಗಳನ್ನು ಒಟ್ಟಿಗೆ ಬಳಸಬಲ್ಲ ಕ್ಯಾಟ್ 6 ಅಥವಾ ಅದಕ್ಕಿಂತ ಮೇಲಿನದನ್ನು ತೆಗೆದುಕೊಂಡು, ಉಳಿದ ಹಣವನ್ನು ಒಳ್ಳೆಯ ಕೇಬಲ್‌ಗೆ ಹಾಕುವುದು ಮೇಲು. ನನ್ನದು ಕೆಟ್ಟುಹೋಗುವ ದಿನ ಬಂದರೆ ನಾನೂ ಅದನ್ನೇ ಕೊಳ್ಳುತ್ತೇನೆ.