ಬೆಳಗಿನ ಒಂದು ಗಂಟೆಯೋ, ಮೆಟ್ರೋ ಪ್ರಯಾಣವೋ?

ಕೆಲಸದ ಜೊತೆ ಏನಾದರೂ ಕಲಿಯಬೇಕು ಅನ್ನುವ ಬೆಂಗಳೂರಿನವರಿಗೆ ಸಿಗುವುದು ಹೆಚ್ಚಾಗಿ ಈ ಎರಡೇ ಹೊತ್ತು.

ಬೆಳಗ್ಗೆ ಐದಕ್ಕೆ ಎದ್ದರೆ ಯಾರೂ ಕರೆಯುವುದಿಲ್ಲ, ಅದೇ ದೊಡ್ಡ ಲಾಭ. ಲೆಕ್ಕ ಬಿಡಿಸುವುದು, ಕೋಡ್ ಬರೆಯುವುದು, ಪರೀಕ್ಷೆಗೆ ಉತ್ತರ ಬರೆದು ನೋಡುವುದು, ಹೀಗೆ ಕೂತೇ ಮಾಡಬೇಕಾದ ಕೆಲಸಕ್ಕೆ ಇದೇ ಸರಿ. ಫ್ರಾನ್ಸೆಸ್ಕೊ ಚಿರಿಲ್ಲೊ 1980ರ ದಶಕದ ಕೊನೆಯಲ್ಲಿ ರೂಪಿಸಿದ ಪೊಮೊಡೊರೊ ಕ್ರಮದಲ್ಲಿ 25 ನಿಮಿಷ ಕೆಲಸ, 5 ನಿಮಿಷ ಬಿಡುವು. ಗಂಟೆಗೆ ಎರಡು ಸುತ್ತು ಆರಾಮಾಗಿ ಆಗುತ್ತದೆ. ಆದರೆ ರಾತ್ರಿ ಹನ್ನೆರಡರವರೆಗೆ ಮೊಬೈಲ್ ನೋಡಿದರೆ ಬೆಳಗ್ಗೆ ಸುಮ್ನೆ ತೂಕಡಿಸುವುದೇ, ಅಲ್ವಾ?

ಮೆಟ್ರೋಗೆ ನಿದ್ದೆ ಬಿಡಬೇಕಿಲ್ಲ. ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗಿನ ನೇರಳೆ ಮಾರ್ಗ 2023ರ ಅಕ್ಟೋಬರ್‌ನಲ್ಲಿ ಪೂರ್ತಿ ತೆರೆಯಿತು, ಉದ್ದದ ಪ್ರಯಾಣ ಒಂದೇ ರೈಲಿನಲ್ಲಿ ಮುಗಿಯುತ್ತದೆ. ಮೆಜೆಸ್ಟಿಕ್ ಬಂದ ಮೇಲೆ ಪುಸ್ತಕ ಬಿಡಿಸುವಷ್ಟೂ ಜಾಗ ಇರುವುದಿಲ್ಲ, ಅದು ಬೇರೆ ಮಾತು. ಅಲ್ಲಿ ಪಾಠ ಕೇಳಬಹುದು, ಇಲ್ಲವೇ ಹಿಂದಿನ ದಿನ ಓದಿದ್ದನ್ನು ನೋಡದೆ ನೆನಪು ಮಾಡಿಕೊಳ್ಳಬಹುದು. ಮತ್ತೆ ಮತ್ತೆ ಓದುವುದಕ್ಕಿಂತ ಇದು ತಲೆಯಲ್ಲಿ ಜಾಸ್ತಿ ದಿನ ಉಳಿಯುತ್ತದೆ.

ಪರೀಕ್ಷೆಗೆ ಕೂರುವವರು ಬೆಳಗ್ಗೆ ಏಳಲೇಬೇಕು ಅನ್ನುತ್ತೇನೆ. ಹೊಸ ಭಾಷೆ ಕಲಿಯುವವರಿಗೆ, ಮನೆಯಲ್ಲಿ ಪುಟ್ಟ ಮಕ್ಕಳಿರುವವರಿಗೆ ಮೆಟ್ರೋ ಸಾಕು.