ಇಂಟೆಲ್‌ನಿಂದ ಎಂ1 ಮ್ಯಾಕ್‌ಗೆ: ರೊಸೆಟ್ಟಾ 2 ಬಳಸಿದವನ ಅನುಭವ

ನನ್ನದು ಆಡಿಯೋ ಎಡಿಟಿಂಗ್ ಕೆಲಸ. ಮಾತಿನ ರೆಕಾರ್ಡಿಂಗ್‌ನಲ್ಲಿ ಬರುವ ಕೆಮ್ಮು, ಉಸಿರು, ಹಿಂದಿನ ಗುಂಯ್ ಸದ್ದು ಎಲ್ಲ ತೆಗೆದು ಕೊಡುತ್ತೇನೆ. ಹಳೆಯ ಇಂಟೆಲ್ ಮ್ಯಾಕ್‌ನಲ್ಲಿ ನಾಯ್ಸ್ ತೆಗೆಯುವ ಪ್ಲಗಿನ್ (ಎಡಿಟರ್ ಒಳಗೆ ಸೇರಿಸಿಕೊಳ್ಳುವ ಪುಟ್ಟ ಪ್ರೋಗ್ರಾಂ) ಹಾಕಿದರೆ ಸಾಕು, ಫ್ಯಾನ್ ಜೋರಾಗಿ ತಿರುಗಲು ಶುರು. ಸದ್ದು ತೆಗೆಯೋಕೆ ಕೂತರೆ ಲ್ಯಾಪ್‌ಟಾಪೇ ಸದ್ದು ಮಾಡೋದು, ಚೆನ್ನಾಗಿದೆ ಅಲ್ವಾ? ಆಪಲ್‌ನದೇ ಎಂ1 ಚಿಪ್ ಇರುವ ಮ್ಯಾಕ್‌ಬುಕ್ ಏರ್‌ನಲ್ಲಿ ಫ್ಯಾನೇ ಇಲ್ಲ. ಅದಕ್ಕೇ ತೆಗೆದುಕೊಂಡೆ. ವೇಗ, ಬ್ಯಾಟರಿ ಬಗ್ಗೆ ಎಲ್ಲರೂ ಹೊಗಳಿದ್ದಾರೆ, ಅದು ನಿಜವೂ ಹೌದು. ನಾನು ಹೇಳಬೇಕಿರುವುದು ರೊಸೆಟ್ಟಾ 2 ಬಗ್ಗೆ.

ಇಂಟೆಲ್ ಪ್ರೊಸೆಸರ್‌ಗೆಂದು ಮಾಡಿದ ಆ್ಯಪ್‌ಗಳನ್ನು ಆರ್ಮ್ ಎಂಬ ಬೇರೆಯದೇ ವಿನ್ಯಾಸದ ಎಂ1 ನೇರವಾಗಿ ಓಡಿಸಲಾರದು. ರೊಸೆಟ್ಟಾ ಅವುಗಳ ಕೋಡನ್ನು ತರ್ಜುಮೆ ಮಾಡಿಕೊಡುತ್ತದೆ. ಅಂಥ ಆ್ಯಪ್ ಮೊದಲ ಸಲ ತೆರೆದಾಗ ರೊಸೆಟ್ಟಾ ಹಾಕಿಕೊಳ್ಳಲೇ ಅಂತ ಕೇಳುತ್ತದೆ. ಹೂಂ ಅಂದರೆ ಮುಗಿಯಿತು. ತರ್ಜುಮೆಯ ಬಹುಪಾಲು ಮೊದಲೇ ಮಾಡಿ ಇಟ್ಟುಕೊಳ್ಳುವುದರಿಂದ, ದೊಡ್ಡ ಆ್ಯಪ್ ಆದರೆ ಡಾಕ್‌ನಲ್ಲಿ ಐಕಾನ್ ಒಂದಿಷ್ಟು ಹೊತ್ತು ಕುಪ್ಪಳಿಸುತ್ತಿರುತ್ತದೆ. ಅದೂ ಮೊದಲ ಸಲ ಮಾತ್ರ. ಇಷ್ಟು ಸಲೀಸಾಗಿ ಓಡುವುದರ ಹಿಂದೆ ಚಿಪ್ಪಿನ ಕೈವಾಡವೂ ಇದೆ. ಮೆಮೊರಿಗೆ ಬರೆಯುವ, ಓದುವ ಕ್ರಮದಲ್ಲಿ ಇಂಟೆಲ್ ಕಟ್ಟುನಿಟ್ಟು, ಆರ್ಮ್ ಸ್ವಲ್ಪ ಸಡಿಲ. ಇಂಟೆಲ್‌ನ ಆ ಕ್ರಮವನ್ನೇ ಪಾಲಿಸುವ ಏರ್ಪಾಡನ್ನು ಆಪಲ್ ಎಂ1 ಒಳಗೇ ಇಟ್ಟಿದೆ. ಬರೀ ಸಾಫ್ಟ್‌ವೇರಿನಲ್ಲಿ ಮಾಡಲು ಹೋಗಿದ್ದರೆ ತುಂಬ ನಿಧಾನವಾಗುತ್ತಿತ್ತು. 2012ರಲ್ಲಿ ಬಂದ ವಿಂಡೋಸ್ ಆರ್‌ಟಿ ನೆನಪಿದೆಯಾ? ಅದೂ ಆರ್ಮ್‌ಗೇ ಬಂದದ್ದು, ಆದರೆ ನಮ್ಮ ಹಳೆಯ ವಿಂಡೋಸ್ ಪ್ರೋಗ್ರಾಂಗಳನ್ನು ಓಡಿಸುತ್ತಲೇ ಇರಲಿಲ್ಲ.

ಇನ್ನು ನನಗೆ ತಲೆನೋವಾದ ಜಾಗ. ನಾನು ಬಳಸುವ ಎಡಿಟರ್ ಬೇಗನೇ ಆಪಲ್ ಸಿಲಿಕಾನ್‌ಗೆ, ಅಂದರೆ ಎಂ1 ಬಗೆಯ ಚಿಪ್‌ಗಳಿಗೆ, ಬಂತು. ನಾಯ್ಸ್ ಪ್ಲಗಿನ್ ಬರಲಿಲ್ಲ. ಎಡಿಟರ್ ಅಪ್‌ಡೇಟ್ ಮಾಡಿ ತೆರೆದರೆ ಪಟ್ಟಿಯಿಂದ ಪ್ಲಗಿನ್ನೇ ಮಾಯ! ಎರರ್ ಇಲ್ಲ, ಎಚ್ಚರಿಕೆ ಇಲ್ಲ. ವಿಷಯ ಏನಪ್ಪಾ ಅಂದರೆ, ಮ್ಯಾಕ್‌ನಲ್ಲಿ ಒಂದೇ ಪ್ರೊಸೆಸ್ (ಓಡುತ್ತಿರುವ ಒಂದು ಪ್ರೋಗ್ರಾಂ) ಒಳಗೆ ಇಂಟೆಲ್ ಕೋಡ್, ಆರ್ಮ್ ಕೋಡ್ ಎರಡೂ ಒಟ್ಟಿಗೆ ಓಡಲ್ಲ. ಫೈಂಡರ್‌ನಲ್ಲಿ ಎಡಿಟರ್ ಮೇಲೆ 'ಗೆಟ್ ಇನ್ಫೋ' ಒತ್ತಿ, 'ಓಪನ್ ಯೂಸಿಂಗ್ ರೊಸೆಟ್ಟಾ' ಎಂಬಲ್ಲಿ ಟಿಕ್ ಹಾಕಿದೆ. ಪ್ಲಗಿನ್ ವಾಪಸ್ ಬಂತು. ಆದರೆ ಒಂದು ಪ್ಲಗಿನ್‌ಗೋಸ್ಕರ ಇಡೀ ಎಡಿಟರ್ ತರ್ಜುಮೆಯಲ್ಲಿ ಓಡಬೇಕು. ಕೆಲಸವೇನೋ ಆಗುತ್ತದೆ, ಉದ್ದದ ಫೈಲ್ ಎಕ್ಸ್‌ಪೋರ್ಟ್ ಮಾಡುವಾಗ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ.

ಮೈಕನ್ನು ಕಂಪ್ಯೂಟರ್‌ಗೆ ಜೋಡಿಸುವ ಡಬ್ಬ, ಆಡಿಯೋ ಇಂಟರ್‌ಫೇಸ್, ಅದರ ಕಥೆ ಇನ್ನೂ ಬೇಜಾರು. ಅದರ ಡ್ರೈವರ್ ಕರ್ನಲ್ ಎಕ್ಸ್‌ಟೆನ್ಶನ್. ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಒಳಗೆ ಕೂರುವ ಇಂಥ ಕೋಡನ್ನು ರೊಸೆಟ್ಟಾ ಮುಟ್ಟುವುದೇ ಇಲ್ಲ. ಆ ಕಂಪನಿ ಹೊಸ ಡ್ರೈವರ್ ಮಾಡಲಿಲ್ಲ, ಚೆನ್ನಾಗಿದ್ದ ಡಬ್ಬ ಸುಮ್ನೆ ಮೂಲೆ ಸೇರಿತು. ಈಗ ಡ್ರೈವರೇ ಬೇಡದ, ಕ್ಲಾಸ್ ಕಂಪ್ಲಯಂಟ್ ಯುಎಸ್‌ಬಿ ಇಂಟರ್‌ಫೇಸ್ ಬಳಸುತ್ತಿದ್ದೇನೆ. ನೀವೂ ಕೊಳ್ಳುವುದಾದರೆ ಅದನ್ನೇ ಕೇಳಿ. ಬೂಟ್‌ಕ್ಯಾಂಪ್ ಹಾಕಿ ವಿಂಡೋಸ್ ಬಳಸುತ್ತಿದ್ದವರಿಗೆ ಆ ದಾರಿಯೂ ಇಲ್ಲ.

ಆದರೂ ರೊಸೆಟ್ಟಾಗೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಕಳೆದ ಅರ್ಧ ಅಂಕ ಅದರ ತಪ್ಪಿಗಲ್ಲ. ಅದು ಜಾಸ್ತಿಯೇ ಚೆನ್ನಾಗಿದೆ. ಹೇಗೂ ಓಡುತ್ತಿದೆಯಲ್ಲ ಅಂತ ಎಷ್ಟೋ ಕಂಪನಿಗಳು ಆ್ಯಪ್ ಬದಲಿಸದೆ ಕೂತಿವೆ, ನಾವೂ ಕೇಳುತ್ತಿಲ್ಲ. ಮ್ಯಾಕ್ ತನ್ನ ಹಿಂದಿನ ಪವರ್‌ಪಿಸಿ ಚಿಪ್‌ನಿಂದ ಇಂಟೆಲ್‌ಗೆ ಬಂದಾಗಲೂ ಒಂದು ರೊಸೆಟ್ಟಾ ಇತ್ತು. 2006ರಲ್ಲಿ ಬಂದದ್ದು 2011ರ ಮ್ಯಾಕ್ ಓಎಸ್ ಎಕ್ಸ್ ಲಯನ್‌ನಲ್ಲಿ ಹೋಯಿತು. ಈ ಸಲವೂ ಆಪಲ್ 2025ರಲ್ಲೇ ಹೇಳಿಬಿಟ್ಟಿದೆ: ಪೂರ್ತಿ ರೊಸೆಟ್ಟಾ ಇರುವುದು ಮ್ಯಾಕ್‌ಓಎಸ್ 27ರ ತನಕ, ಆಮೇಲೆ ಕೆಲವು ಹಳೆಯ ಗೇಮ್‌ಗಳಿಗೆ ಬೇಕಾದಷ್ಟು ಮಾತ್ರ.

ಮ್ಯಾಕ್‌ನಲ್ಲೇ ಇರುವ ಆಕ್ಟಿವಿಟಿ ಮಾನಿಟರ್ ಆ್ಯಪ್‌ನ ಸಿಪಿಯು ಪಟ್ಟಿಯಲ್ಲಿ 'ಕೈಂಡ್' ಎಂಬ ಕಾಲಂ ಇದೆ. ಓಡುತ್ತಿರುವ ಆ್ಯಪ್ 'ಆಪಲ್' ಬಗೆಯದೋ 'ಇಂಟೆಲ್' ಬಗೆಯದೋ ಅಲ್ಲೇ ಕಾಣುತ್ತದೆ. ನನ್ನಲ್ಲಿ ಇಂಟೆಲ್ ಅಂತ ತೋರಿಸುತ್ತಿರುವುದು ಆ ಎಡಿಟರ್ ಒಂದೇ, ಅದೂ ಪ್ಲಗಿನ್ ದೆಸೆಯಿಂದ. ಪ್ಲಗಿನ್ ಮಾಡಿದವರಿಗೆ ಬರೆದು ಕೇಳಿದೆ. ಹೊಸ ಆವೃತ್ತಿ ಇದೆ, ಮತ್ತೆ ಪೂರ್ತಿ ದುಡ್ಡು ಕೊಟ್ಟು ಕೊಳ್ಳಿ ಅಂದರು. ಸದ್ಯಕ್ಕೆ ಬೇರೆಯವರ ಟ್ರಯಲ್ ಹಾಕಿ ನೋಡುತ್ತಿದ್ದೇನೆ.