ಅಕ್ರಿಲಿಕ್‌ಗೆ ಅಂಟಿಸಿದ ಫೋಟೋ: ವರ್ಷಗಟ್ಟಲೆ ಗೋಡೆ ಮೇಲಿದ್ದರೆ ಏನಾಗುತ್ತೆ?

ಮೊದಲೇ ಹೇಳಿಬಿಡುತ್ತೇನೆ. ಅಕ್ರಿಲಿಕ್ ಹಾಳೆ, ಅಂದರೆ ಗಾಜಿನಂಥ ಪಾರದರ್ಶಕ ಪ್ಲಾಸ್ಟಿಕ್, ಅಷ್ಟು ಸುಲಭಕ್ಕೆ ಕೆಡುವುದಿಲ್ಲ, ಕೆಡುವುದು ಅಂಟು. ಅದೂ ನಡುವೆ ಅಲ್ಲ, ಅಂಚಿನಲ್ಲಿ. ಅಂಗಡಿಯಲ್ಲಿ ಎಲ್ಲರೂ ಹೊಳಪು ನೋಡಿ ಮರುಳಾಗುತ್ತಾರೆ. ಅಂಚನ್ನು ಯಾರೂ ನೋಡುವುದಿಲ್ಲ.

ಚಿಕ್ಕಬಳ್ಳಾಪುರದ ನಮ್ಮ ಮನೆಯಲ್ಲಿ ಇಂಥ ಮೂರು ಫೋಟೋ ಇವೆ. ಮೂರನ್ನೂ 2019ರ ಕೊನೆಗೆ ಒಂದೇ ಲ್ಯಾಬಿನಲ್ಲಿ ಮಾಡಿಸಿದ್ದು. ತಂಗಿಯ ಮದುವೆ ಫೋಟೋ ಹಾಲ್‌ನಲ್ಲಿದೆ. ಭೋಗನಂದೀಶ್ವರ ದೇವಸ್ಥಾನದ ಕಲ್ಯಾಣಿಯದು ಮಹಡಿ ಮೆಟ್ಟಿಲ ಹತ್ತಿರ. ಸ್ಕಂದಗಿರಿ ಮೇಲಿಂದ ತೆಗೆದ ಮೋಡದ ಫೋಟೋ ರೂಮಿನ ಪಶ್ಚಿಮದ ಗೋಡೆಗೆ. ಅಂಟು ಒಂದೇ, ದಪ್ಪ ಒಂದೇ, ಐದು ಎಂಎಂ. ಆದರೂ ಮೂರರ ಗತಿ ಮೂರು ಥರ.

ಗೊತ್ತಿಲ್ಲದವರಿಗೆ: ಇದು ಫ್ರೇಮ್ ಅಲ್ಲ. ಎರಡೂ ಕಡೆ ಅಂಟಿರುವ ತೆಳ್ಳನೆಯ ಪಾರದರ್ಶಕ ಗಮ್ ಶೀಟ್ ಹಾಕಿ, ಫೋಟೋದ ಮುಖವನ್ನೇ ಅಕ್ರಿಲಿಕ್‌ಗೆ ಒತ್ತಿ ರೋಲರ್ ಮೇಲೆ ಓಡಿಸುತ್ತಾರೆ. ಹಿಂದೆ ಸನ್‌ಬೋರ್ಡ್ ಎಂಬ ಹಗುರ ಫೋಮ್ ಹಲಗೆ. ಫೋಟೋಗೂ ಹಾಳೆಗೂ ನಡುವೆ ಗಾಳಿಯೇ ಇರುವುದಿಲ್ಲ, ಅದಕ್ಕೇ ಬಣ್ಣ ಅಷ್ಟು ಗಾಢವಾಗಿ ಕಾಣುತ್ತದೆ. ಗಮ್ ಶೀಟ್ ಬದಲು ಸಿಲಿಕೋನ್ ಬಳಸುವ ಡಯಾಸೆಕ್ ಎಂಬ ವಿಧಾನವೂ ಇದೆ, 1969ರಲ್ಲಿ ಶುರುವಾದದ್ದು. ದೊಡ್ಡ ದೊಡ್ಡ ಕಲಾವಿದರೂ ಹೀಗೆ ಅಕ್ರಿಲಿಕ್‌ಗೆ ಅಂಟಿಸುತ್ತಾರೆ. 2011ರಲ್ಲಿ ನ್ಯೂಯಾರ್ಕ್ ಹರಾಜಿನಲ್ಲಿ 43 ಲಕ್ಷ ಡಾಲರ್‌ಗೆ ಹೋದ ಆಂಡ್ರಿಯಾಸ್ ಗುರ್ಸ್ಕಿಯ ರೈನ್ ನದಿಯ ಫೋಟೋ ಕೂಡ ಅಕ್ರಿಲಿಕ್‌ಗೆ ಅಂಟಿಸಿದ್ದೇ. ನಮ್ಮೂರಿನ ಸ್ಟುಡಿಯೋಗಳಲ್ಲಿ ಸಿಗುವುದು ಮಾತ್ರ ಹೆಚ್ಚಾಗಿ ಗಮ್ ಶೀಟಿನದು.

ಈಗ ಆ ಪಶ್ಚಿಮದ ಗೋಡೆಗೆ ಬರೋಣ. ಏಪ್ರಿಲ್‌ನಲ್ಲಿ ಸಂಜೆ ಆರು ಗಂಟೆಗೂ ಅದಕ್ಕೆ ಕೈ ಇಟ್ಟರೆ ಬೆಚ್ಚಗಿರುತ್ತದೆ. ಮಳೆಗಾಲದಲ್ಲಿ ಅದೇ ಗೋಡೆ ಒಳಗೆ ನೀರು ಹೀರುತ್ತದೆ. ಒಂದೆರಡು ಮಳೆಗಾಲ ಕಳೆದ ಮೇಲೆ ಸ್ಕಂದಗಿರಿ ಫೋಟೋದ ಕೆಳಗಿನ ಎಡಮೂಲೆಯಲ್ಲಿ ಮೀನಿನ ಹುರುಪೆಯ ಥರ ಬೆಳ್ಳಗೆ ಮಿನುಗುವ ಮಚ್ಚೆ ಬಂತು. ಎದುರಿಗೆ ನಿಂತರೆ ಏನೂ ಇಲ್ಲ, ಪಕ್ಕದಿಂದ ಬಗ್ಗಿ ನೋಡಿದರೆ ಕಾಣುತ್ತಿತ್ತು. ಬೆರಳಾಡಿಸಿದರೆ ನುಣ್ಣಗೇ ಇದೆ, ಯಾಕಂದ್ರೆ ಅಂಟು ಬಿಟ್ಟಿರುವುದು ಹಾಳೆಯ ಹಿಂದೆ. ಮೊದಲು ಉಗುರಿನಷ್ಟಿದ್ದದ್ದು ಈಗ ಮೂರು ಬೆರಳಗಲ ಒಳಗೆ ಬಂದಿದೆ. ಎದುರಿನಿಂದಲೂ ಕಾಣುತ್ತದೆ.

ಲ್ಯಾಬಿನವರನ್ನು ಕೇಳಿದೆ. "ಸಾರ್, ಗಮ್ ಒಳ್ಳೇದೇ ಹಾಕಿದ್ದೀವಿ, ನಿಮ್ಮ ಗೋಡೆ ಸರಿಯಿಲ್ಲ" ಅಂದರು. ಅರ್ಧ ನಿಜ. ಒಂದು ಮೀಟರ್ ಉದ್ದದ ಅಕ್ರಿಲಿಕ್ 20 ಡಿಗ್ರಿ ಬಿಸಿ ಏರಿದರೆ ಸುಮಾರು ಒಂದೂವರೆ ಎಂಎಂ ಹಿಗ್ಗುತ್ತದೆ. ಹಿಂದಿನ ಕಾಗದ ಅಷ್ಟು ಹಿಗ್ಗುವುದಿಲ್ಲ. ದಿನಾ ಈ ಎಳೆದಾಟವನ್ನು ತಡೆದುಕೊಳ್ಳಬೇಕಾದ್ದು ಅಂಟು. ಅಕ್ರಿಲಿಕ್ ತೇವವನ್ನೂ ಒಂದಿಷ್ಟು ಹೀರುತ್ತದೆ. ಇನ್ನರ್ಧ ತಪ್ಪು ಲ್ಯಾಬಿನದೇ. ನಾಲ್ಕು ಮೂಲೆಯ ಸ್ಟೀಲ್ ಬೋಲ್ಟಿಗೆ ತೂತನ್ನು ಬೋಲ್ಟಿನಷ್ಟೇ ಕೊರೆದಿದ್ದರು. ಹಾಳೆ ಹಿಗ್ಗೋಕೆ ಜಾಗವೇ ಇಲ್ಲ. ತೂತು ಸ್ವಲ್ಪ ದೊಡ್ಡದಿರಬೇಕು, ಬೋಲ್ಟ್ ಜಾಸ್ತಿ ಬಿಗಿ ಇರಬಾರದು. ಇಷ್ಟು ಸಣ್ಣ ವಿಷಯ ದಿನಾ ಇದೇ ಕೆಲಸ ಮಾಡುವವರಿಗೆ ಗೊತ್ತಿರಬೇಕಿತ್ತು, ಅಲ್ವಾ?

ಮದುವೆ ಫೋಟೋದ ಕಥೆ ಬೇರೆ. ಅದರ ಅಂಟಿಗೆ ಇವತ್ತಿಗೂ ಏನೂ ಆಗಿಲ್ಲ. ಆದರೆ ಕೊರೊನಾ ಕಾಲದಲ್ಲಿ ದೊಡ್ಡಮ್ಮ ಬಾಗಿಲ ಚಿಲಕ, ರಿಮೋಟು, ಸ್ವಿಚ್ಚು ಎಲ್ಲಾ ಒರೆಸುತ್ತಾ ಇದಕ್ಕೂ ಸ್ಯಾನಿಟೈಸರ್ ಹೊಡೆದರು. ಅಂಚಿನ ಉದ್ದಕ್ಕೂ ಕೂದಲೆಳೆಯಂಥ ಬಿರುಕು ಸಾಲಾಗಿ ಎದ್ದವು. ಲೇಸರ್‌ನಲ್ಲಿ ಕತ್ತರಿಸಿದ ಅಂಚಿನಲ್ಲಿ ಬಿಸಿಗೆ ಒಂದು ಬಿಗಿತ ಉಳಿದಿರುತ್ತದೆ. ಅದಕ್ಕೆ ಆಲ್ಕೋಹಾಲ್ ತಾಗಿದರೆ ಹೀಗೆ ಬಿರಿಯುತ್ತದೆ. ದೊಡ್ಡಮ್ಮನಿಗೆ ಏನು ಗೊತ್ತು ಪಾಪ, ಡೆಲಿವರಿ ಕೊಡುವಾಗ ಒಂದು ಚೀಟಿ ಅಂಟಿಸಿದ್ದರೆ ಸಾಕಿತ್ತು. ಸ್ಪಿರಿಟ್, ಥಿನ್ನರ್, ಅಮೋನಿಯಾ ಇರುವ ಗಾಜಿನ ಕ್ಲೀನರ್ ಯಾವುದೂ ಬೇಡ. ಬಟ್ಟೆಗೆ ನೀರು, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ಅಷ್ಟೇ.

ಒಣಬಟ್ಟೆಯಲ್ಲಂತೂ ಒರೆಸಲೇಬೇಡಿ. ಉಜ್ಜಿದಷ್ಟೂ ಅಕ್ರಿಲಿಕ್ ಧೂಳನ್ನು ಎಳೆದುಕೊಳ್ಳುತ್ತದೆ. ನಮ್ಮ ಕಡೆ ಧೂಳು ಅಂದರೆ ಸುಮ್ನೆ ಮಣ್ಣಲ್ಲ, ಕ್ರಷರ್‌ಗಳ ಕಲ್ಲುಪುಡಿ. ಒಂದು ಸಲ ಉಜ್ಜಿದರೆ ಗೀರು ಗ್ಯಾರಂಟಿ.

ಮೆಟ್ಟಿಲ ಹತ್ತಿರದ ಕಲ್ಯಾಣಿ ಫೋಟೋ ಮಾತ್ರ ಮೊನ್ನೆ ತಂದ ಹಾಗಿದೆ. ಮನೆಯ ಒಳಗೋಡೆ, ತೇವ ಇಲ್ಲ, ನೇರ ಬಿಸಿಲು ಇಲ್ಲ. ಮೆಟ್ಟಿಲುಸಾಲಿನ ಒಂದೊಂದು ಕಲ್ಲೂ ಬಿಡಿಬಿಡಿಯಾಗಿ ಕಾಣುತ್ತದೆ. ಕಿಟಕಿಗೆ ಎದುರಿರುವ ಮದುವೆ ಫೋಟೋದಲ್ಲಿ ಸೀರೆಯ ಕೆಂಪು ಸ್ವಲ್ಪ ಮಂಕಾಗಿದೆ. ಮಾಮೂಲಿ ಅಕ್ರಿಲಿಕ್ ಬಿಸಿಲಿನಿಂದ ಪೂರ್ತಿ ಕಾಪಾಡುವುದಿಲ್ಲ. ಯುವಿ ತಡೆಯುವ ಹಾಳೆ ಬೇರೆಯೇ ಸಿಗುತ್ತದೆ, ಬೆಲೆ ಜಾಸ್ತಿ.

ತೂಕದ ಬಗ್ಗೆ ದೂರಿಲ್ಲ. ಎರಡಡಿ ಮೂರಡಿಯ ಐದು ಎಂಎಂ ಹಾಳೆ ಮೂರೂಕಾಲು ಕೆಜಿ ಆಸುಪಾಸು, ಅದೇ ಅಳತೆಯ ಗಾಜು ಇದರ ಎರಡರಷ್ಟು ತೂಗುತ್ತದೆ. ಕೆಳಗೆ ಬಿದ್ದರೂ ಗಾಜಿನಂತೆ ಚೂರುಚೂರಾಗುವುದಿಲ್ಲ.

ದೊಡ್ಡ ತೊಂದರೆ ಅಂದರೆ ರಿಪೇರಿ ಇಲ್ಲ. ಗೀರು ಬಿತ್ತು ಅಂತ ಹಾಳೆ ಬದಲಾಯಿಸೋಕೆ ಆಗುವುದಿಲ್ಲ, ಬಿಡಿಸಲು ಹೋದರೆ ಫೋಟೋ ಹರಿದು ಬರುತ್ತದೆ. ಹಾಗಾಗಿ ಅಜ್ಜ ಅಜ್ಜಿಯ ಒಂದೇ ಪ್ರತಿ ಇರುವ ಹಳೇ ಫೋಟೋವನ್ನು ಇದಕ್ಕೆ ಕೊಡಲೇಬೇಡಿ. ಸ್ಕ್ಯಾನ್ ಮಾಡಿಸಿ, ಪ್ರಿಂಟ್ ಹಾಕಿಸಿ, ಅದನ್ನು ಅಂಟಿಸಲಿ.

ಸ್ಕಂದಗಿರಿಯದನ್ನು ಮತ್ತೆ ಮಾಡಿಸುತ್ತಿದ್ದೇನೆ, ಬೇರೆ ಲ್ಯಾಬಿನಲ್ಲಿ. ಈ ಸಲ ಬೋಲ್ಟ್ ಇಲ್ಲ, ಹಿಂದೆ ಅಲ್ಯೂಮಿನಿಯಂ ಪಟ್ಟಿ ಹಾಕಿ ಗೋಡೆಯಿಂದ ಒಂದಿಂಚು ದೂರ ನೇತುಹಾಕುವುದು. ಗೋಡೆಯೂ ಬೇರೆ. ಬೆಲೆ ಹಿಂದಿನದಕ್ಕಿಂತ ಜಾಸ್ತಿಯೇ ಹೇಳಿದ್ದಾರೆ. ಎರಡು ವರ್ಷದೊಳಗೆ ಅಂಚಿನಲ್ಲಿ ಅಂಟು ಬಿಟ್ಟರೆ ಹೊಸದು ಮಾಡಿಕೊಡುತ್ತೇವೆ ಅಂತ ಬಿಲ್ಲಿನ ಮೇಲೆ ಬರೆಸಿಕೊಂಡ ಮೇಲೇ ಅಡ್ವಾನ್ಸ್ ಕೊಟ್ಟಿದ್ದು.